ಒಂದು ನೂಲು ಪಕ್ಕಕ್ಕೆ

ಮುಟ್ಟಬೇಡಿ ಅಜ್ಜಿ, ಹಳೇದು, ಪುಡಿಯಾಗುತ್ತೆ, ಅಂತಾನೆ ಹುಡುಗ.
ದೊಡ್ಡ ಗಡಿಯಾರದ ಹಿಂದಿನ ಫುಟ್‌ಪಾತು,
ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾನೆ ‘ಗೂಬೆಗಣ್ಣು’ ಮಾಸಿಕ.
ಅದರ ಮೇಲಿನ ಬೆಲೆ ಅರವತ್ತು ಪೈಸೆ, ಅವನ ಬೆಲೆ ಆರುನೂರು.
ಒಳಗೆ ಅರ್ಧ ಪುಟವೇ ಇಲ್ಲ. ಅದಕ್ಕೇನು,
ಜನ ತಗೊಳ್ಳೋದು ಮುಖಪುಟಕ್ಕೆ, ಅಂತಾನೆ.

ಅಲ್ಲಿ ನಾನಿದ್ದೀನಿ.
ಶನಿಗ್ರಹದ ಬಳೆಯ ಮೇಲೆ, ಒಂಟಿ ಚಪ್ಪಲಿಯಲ್ಲಿ.
ಎಂಟು ಕೈಯ ಹಸಿರೊಂದು ಸೊಂಟ ಹಿಡಿದಿದೆ,
ಬಾಯಿ ಬಾವಿಯ ಹಾಗೆ ತೆರೆದಿದೆ.

ನಾಲ್ಕು ಹೆಣ್ಣಾದ ಮೇಲೆ ಹುಟ್ಟಿದವಳು, ಸಾಕು ಅಂತ ಸಾಕಮ್ಮ.
ಮಂಡಿ ಮೊಹಲ್ಲಾದಲ್ಲಿ ಊದುಬತ್ತಿ ಹೊಸೆಯುತ್ತಿದ್ದೆ,
ಸಾವಿರ ಕಡ್ಡಿಗೆ ಇಷ್ಟು ಅಂತ ಲೆಕ್ಕ.
ನಮ್ಮದೇ ವಠಾರದಲ್ಲಿ ಕೊಂಡರಾಜು.
ಅವರಪ್ಪ ದೇವರಿಗೆ ಚಿನ್ನದ ರೇಕು ಹಚ್ಚಿದವರು,
ಮಗ ದೆವ್ವಕ್ಕೆ ಹಲ್ಲು ಹಚ್ಚುತ್ತಿದ್ದ.
ಮಂಡ್ಯದ ಪ್ರೆಸ್ಸಿಂದ ಕಾರ್ಡು ಬರೋದು:
ಈ ಸಲ ಶನಿಗ್ರಹ. ಹುಡುಗಿ ಒಂದು.
ಹಲ್ಲು ಜಾಸ್ತಿ ಇರಲಿ. ಗುರುವಾರದೊಳಗೆ.
ಕಥೆ ಅವನೂ ಓದಿದವನಲ್ಲ.

ಕಿರುಚು ಅಂದ. ವಠಾರದಲ್ಲಿ ಹೇಗೆ ಕಿರುಚೋದು?
ಹದಿನೆಂಟು ಮನೆ, ಒಂದು ನಲ್ಲಿ.
ಹೆಣ್ಣು ಕಿರುಚಿದರೆ ಮೊದಲು ಬರೋದು ಕೆಟ್ಟ ಹೆಸರು, ಆಮೇಲೆ ಜನ.
ಸರಿ, ಆಕಳಿಸು ಅಂದ.
ಆಕಳಿಸಿದೆ.
ನಾಲ್ಕಕ್ಕೆ ಎದ್ದವಳಿಗೆ ಆಕಳಿಕೆಗೆ ಬರವೆ?
ಇನ್ನಷ್ಟು, ಕಿರುನಾಲಿಗೆ ಕಾಣಲಿ, ಕಣ್ಣು ಮಾತ್ರ ಮುಚ್ಚಬೇಡ.
ಆಕಳಿಕೆಗೆ ಎರಡು ರೂಪಾಯಿ, ಮೇಲೆ ಅವನ ಹೆಂಡತಿ ಕೊಡೋ ಕಾಫಿ.
ಊರೂರಿನ ಗಂಡಸರು ದಿಂಬಿನಡಿ ಬಚ್ಚಿಟ್ಟುಕೊಂಡು ಬೆವೆತದ್ದು
ನನ್ನ ನಿದ್ದೆಗೆ ಕಣಪ್ಪ.

ಕರೀ ಹಿಟ್ಟು ಮೆತ್ತಿದ ಬೆರಳು ಬೆಳ್ಳಗಾದವು, ಉಗುರು ಕೆಂಪಗೆ.
ಮೈಮೇಲೆ ಗೇಣು ಬಟ್ಟೆ, ಅದು ಅವನ ಊಹೆ;
ನಾನು ನಿಂತದ್ದು ಚೌಕಳಿ ಸೀರೆಯಲ್ಲಿ, ಸೆರಗು ಸಿಕ್ಕಿಸಿಕೊಂಡು.
ಆಕಾಶನೌಕೆ ಅವರ ಮನೆ ಇಡ್ಲಿ ಪಾತ್ರೆ, ಹಬೆ ಸಮೇತ.
ರಾಕ್ಷಸನ ಕಣ್ಣೊಂದು ನಾನು ಕೇಳಿ ಹಾಕಿಸಿದ್ದು:
ನಮ್ಮ ಮೇಸ್ತ್ರಿ ಚನ್ನಬೋರನದು,
ಕಡ್ಡಿ ಎಣಿಸುವಾಗ ಕಡ್ಡಿ ಬಿಟ್ಟು ಮಿಕ್ಕಿದ್ದೆಲ್ಲ ನೋಡೋ ಕಣ್ಣು.
ಆ ತಿಂಗಳು ಕಾರ್ಖಾನೆಯ ಹೆಂಗಸರು ಚಂದಾ ಎತ್ತಿ
ಒಂದು ಪ್ರತಿ ಕೊಂಡೆವು, ಓದು ಬರೋಳು ಒಬ್ಬಳೂ ಇಲ್ಲ.
ಬಚ್ಚಲ ಬಾಗಿಲಿನ ಒಳಗಡೆ ಅಂಟಿಸಿದೆವು.
ನಗು ತಡೀಲಾರದೆ ಜೈಬುನ್ನಿಸಾ ತಂಬಿಗೆ ಬೀಳಿಸಿದಳು.

ಕಥೆಯನ್ನ ಟೈಲರ್ ಹುಡುಗನ ಕೈಲಿ ಓದಿಸಿದೆ.
ಒಳಗೆ ಹುಡುಗಿಯೇ ಇರಲಿಲ್ಲ.
ಇಬ್ಬರು ಮುದುಕರು ದುರ್ಬೀನಿನ ಮುಂದೆ ಕೂತು
ಲೆಕ್ಕಕ್ಕೆ ಜಗಳ ಆಡ್ತಾರೆ, ಮುಗೀತು.

ಆಮೇಲೆ, ಎಷ್ಟೋ ವರ್ಷಕ್ಕೆ, ದೊಡ್ಡಾಸ್ಪತ್ರೆಯ ಮೊಗಸಾಲೆಯಲ್ಲಿ
ಬಿಳಿ ಬಟ್ಟೆ ಸರಿಸಿ, ಇವರೇನಾ ನೋಡಮ್ಮ ಅಂದರು.
ನೋಡಿದೆ.
ಕೂಗಬೇಕು ಅಂತ ಬಾಯಿ ತೆರೆದರೆ
ಆಕಳಿಕೆ ಬಂತು.
ಉದ್ದನೆಯದು, ಕಿರುನಾಲಿಗೆ ಕಾಣುವಷ್ಟು.
ನಮ್ಮತ್ತೆ ಅದನ್ನು ಸಾಯೋವರೆಗೂ ಮರೀಲಿಲ್ಲ.

ಕನ್ನಡಕ ಒರೆಸಿ ಬಗ್ಗಿ ನೋಡ್ತೀನಿ.
ಅಚ್ಚಿನಲ್ಲಿ ಕೆಂಪು ಒಂದು ನೂಲು ಪಕ್ಕಕ್ಕೆ ಸರಿದಿದೆ.
ಆ ಸಿಟ್ಟಿಗೆ ಕೊಂಡರಾಜು ಎರಡು ದಿನ ಊಟ ಬಿಟ್ಟಿದ್ದ.
ತುಟಿ ಒಂದು ಕಡೆ, ತುಟಿಯ ಬಣ್ಣ ಇನ್ನೊಂದು ಕಡೆ.
ಕೂಗು ನನ್ನ ಬಾಯಿಂದ ಆಚೆ ಬಿದ್ದು
ಶನಿಯ ಕತ್ತಲಲ್ಲಿ ತನ್ನಷ್ಟಕ್ಕೆ ತೂಗ್ತಾ ಇದೆ.
ಇಷ್ಟು ವರ್ಷ ಇಲ್ಲೇ ಇತ್ತಲ್ಲ.

ಇದು ನಾನೇ ಕಣಪ್ಪ, ಅಂತೀನಿ.
ಹುಡುಗ ಚಿತ್ರ ನೋಡ್ತಾನೆ, ನನ್ನ ನೋಡ್ತಾನೆ,
ಹೋಗ್ಲಿ, ಐನೂರು ಕೊಡಿ ಅಂತಾನೆ.